ಇಂಜಿನ್ನಿಗೆ ಕಟ್ಟಿಗೆ ಕಡಿದವರು ಯಾರು?

ಕಳೆದ ರವಿವಾರ ಸಂಜೆ ನಮ್ಮ ಕಚೇರಿಯ ಹಿಂದಿನ ಅಂಗಳದಲ್ಲಿ ಬಿಳಿಯ ಧೋತರವೊಂದನ್ನು ಕಟ್ಟಿ ಹಳೆಯ ಅಮೇರಿಕನ್ ಮೂಕಚಿತ್ರವೊಂದನ್ನು ತೋರಿಸಿದೆವು. ಎರಡನೆಯ ಪಾಳಿಯವರಿಗೆ ಬರಲಾಗಲಿಲ್ಲ. ಉಳಿದಂತೆ ಅಂಗಳ ತುಂಬಿತ್ತು. ಪೇಟೆಯ ಅಂಗಡಿಕಾರರು ಬಾಗಿಲು ಹಾಕಿಕೊಂಡು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಚಿತ್ರದ ಹೆಸರು ‘ದಿ ಜನರಲ್’. ಇಲ್ಲಿ ಜನರಲ್ ಎಂದರೆ ಸೇನಾಪತಿಯಲ್ಲ, ಒಂದು ರೈಲು ಇಂಜಿನ್ನಿನ ಹೆಸರು. 1926ರಲ್ಲಿ ಇದನ್ನು ದಿಗ್ದರ್ಶಿಸಿದವರು ಬಸ್ಟರ್ ಕೀಟನ್ ಮತ್ತು ಕ್ಲೈಡ್ ಬ್ರಕ್‌ಮನ್. ಇಂಜಿನ್ ಡ್ರೈವರನ ಪಾತ್ರವೂ ಕೀಟನ್ನನದೇ. ಜನ ಬಿದ್ದು ಬಿದ್ದು ನಕ್ಕರು. ಎಲ್ಲ ಮುಗಿದು ನಾವು ಧೋತರ ಬಿಚ್ಚುತ್ತಿದ್ದಾಗ ನೂಲುವ ಖಾತೆಯ ತರುಣ ಸಂಗಾತಿಯೊಬ್ಬ ಹತ್ತಿರ ಬಂದು ನಿಂತ.

“ಮಾಸ್ತರ, ಗುಲಾಮರನ್ನ ಇಟಗೊಂಡವರ ಫೌಜು ಗೆದ್ದದ್ದಕ್ಕ ನಾವೆಲ್ಲಾ ಚಪ್ಪಾಳಿ ಹೊಡದ್ವಲ್ರಿ. ಇದನ್ನ ನಮ್ಮ ಬಾವುಟದ ಕೆಳಗ ತೋರಸೂದು ಸರಿ ಏನ್ರಿ?”

ಪ್ರಶ್ನೆ ಸರಿಯಾದದ್ದು. ಆ ಹೊತ್ತಿಗೆ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಶಾಲೆಯಲ್ಲಿದ್ದಾಗಿನ ಹಳೆಯ ಚಾಳಿಯಂತೆ, ಬರುವ ಸಂಚಿಕೆಯಲ್ಲಿ ಬರೆದು ತಿಳಿಸುತ್ತೇವೆ ಎಂದು ಹೇಳಿ ತಪ್ಪಿಸಿಕೊಂಡೆವು. ಈಗ ಆ ಸಾಲವನ್ನು ತೀರಿಸಬೇಕಾಗಿದೆ.

ಚಿತ್ರ ನೋಡದ ವಾಚಕರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಅಮೇರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಬೇರೆಯಾದವು. ಹಾಗೆ ಸಿಡಿದ ಜಾರ್ಜಿಯಾ ರಾಜ್ಯದಲ್ಲಿ ಜಾನಿ ಗ್ರೇ ಎಂಬ ಡ್ರೈವರ. ಅವನಿಗೆ ಪ್ರೀತಿಯ ವಸ್ತುಗಳು ಎರಡು: ತನ್ನ ಇಂಜಿನ್ನು, ಮತ್ತು ಅನಬೆಲ್ ಲೀ ಎಂಬ ಹುಡುಗಿ. ಯುದ್ಧದ ಸುದ್ದಿ ಬಂದ ಕೂಡಲೇ ಭರ್ತಿ ಕಚೇರಿಗೆ ಎಲ್ಲರಿಗಿಂತ ಮೊದಲು ಓಡುತ್ತಾನೆ. ಇವನು ಡ್ರೈವರನಾಗಿದ್ದರೇ ಹೆಚ್ಚು ಉಪಯೋಗವೆಂದು ಅಲ್ಲಿಯವರು ಅವನನ್ನು ತಿರಸ್ಕರಿಸುತ್ತಾರೆ. ಆದರೆ ಕಾರಣವನ್ನು ಅವನಿಗೆ ಹೇಳುವುದಿಲ್ಲ! ದುಡಿಯುವವನಿಗೆ ಕಾರಣ ಹೇಳುವ ಪದ್ಧತಿ ಯಾವ ಕಚೇರಿಯಲ್ಲಿ ತಾನೆ ಇದೆ? ಹುಡುಗಿ ಅವನನ್ನು ಹೇಡಿಯೆಂದು ತಿಳಿದು ಮುಖ ತಿರುಗಿಸುತ್ತಾಳೆ. ವರ್ಷ ಕಳೆದ ಮೇಲೆ ಉತ್ತರದ ಗೂಢಚಾರರು ಅವನ ಇಂಜಿನ್ನನ್ನೇ ಕದ್ದೊಯ್ಯುತ್ತಾರೆ. ಅದರ ಡಬ್ಬಿಯೊಂದರಲ್ಲಿ ಅನಬೆಲ್ಲಳೂ ಸಿಕ್ಕಿಬೀಳುತ್ತಾಳೆ. ಜಾನಿ ಮೊದಲು ಕಾಲ್ನಡಿಗೆಯಲ್ಲಿ, ಆಮೇಲೆ ಕೈಗಾಡಿಯಲ್ಲಿ, ಆಮೇಲೆ ಸೈಕಲ್ಲಿನಲ್ಲಿ, ಕೊನೆಗೆ ಇನ್ನೊಂದು ಇಂಜಿನ್ನು ಹತ್ತಿ ಬೆನ್ನಟ್ಟುತ್ತಾನೆ. ಶತ್ರುಗಳ ನೆಲೆಗೇ ಹೋಗಿ ಇಂಜಿನ್ನನ್ನೂ ಹುಡುಗಿಯನ್ನೂ ಬಿಡಿಸಿಕೊಂಡು ಹಿಂದಕ್ಕೆ ಓಡಿಬರುವಾಗ, ಬೆನ್ನಟ್ಟುವ ಸರದಿ ಅವರದಾಗುತ್ತದೆ. ಹೋಗುವುದು, ಬರುವುದು, ಚಿತ್ರವೆಲ್ಲ ಇಷ್ಟೇ.

ಇಷ್ಟರಲ್ಲಿ ನಗುವಂಥದ್ದೇನಿದೆ? ಇಲ್ಲಿಯೇ ದಿಗ್ದರ್ಶಕನ ಪದ್ಧತಿಯನ್ನು ಗಮನಿಸಬೇಕು. ಅಂದಿನ ಹಾಸ್ಯಚಿತ್ರಗಳಲ್ಲಿ ಮುಖ ಸೊಟ್ಟಗೆ ಮಾಡುವುದು, ಕಣ್ಣು ತಿರುಗಿಸುವುದು, ಮುಖಕ್ಕೆ ಕಡಬು ಎಸೆಯುವುದು ವಾಡಿಕೆ. ಕೀಟನ್ ಚಿತ್ರದ ಉದ್ದಕ್ಕೂ ನಗುವುದಿಲ್ಲ. ಅವನು 1895ರಲ್ಲಿ ಹುಟ್ಟಿದ್ದು ಊರೂರು ತಿರುಗುವ ಆಟದವರ ಮನೆತನದಲ್ಲಿ. ರಂಗದ ಮೇಲೆ ತಂದೆ ಅವನನ್ನು ಚೆಂಡಿನಂತೆ ಎತ್ತಿ ಒಗೆಯುತ್ತಿದ್ದ. ಬಿದ್ದ ಹುಡುಗ ತಾನೂ ನಕ್ಕರೆ ಜನ ಅಷ್ಟಾಗಿ ನಗುವುದಿಲ್ಲ, ಮುಖ ಬಿಗಿಹಿಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂಬುದನ್ನು ಚಿಕ್ಕಂದಿನಲ್ಲಿಯೇ ಕಲಿತ. ಆ ಕಲ್ಲು ಮುಖವೇ ಮುಂದೆ ಅವನ ಗುರುತಾಯಿತು. ಆದರೆ ‘ದಿ ಜನರಲ್’ದಲ್ಲಿ ಆ ಮುಖಕ್ಕೆ ಬೇರೊಂದು ಅರ್ಥ ಬಂದಿದೆಯೆಂದು ನಮಗನಿಸುತ್ತದೆ. ಕೆಲಸದಲ್ಲಿ ಮುಳುಗಿದ ಮನುಷ್ಯನ ಮುಖ ಅದು. ಮಗ್ಗದ ಮುಂದೆ ನಿಂತವನ ಮುಖವನ್ನು ಯಾರಾದರೂ ನೋಡಿದ್ದೀರಾ? ಎಳೆ ಕಡಿಯಿತೇ ಎಂಬುದರ ಕಡೆಗೇ ಕಣ್ಣು, ನಗುವುದಕ್ಕೆ ಬಿಡುವೆಲ್ಲಿ!

ಕೀಟನ್ನನ ಹಾಸ್ಯವೆಲ್ಲ ಇಂಜಿನ್ನು ಓಡಿಸುವ ಕೆಲಸದಿಂದಲೇ ಹುಟ್ಟುತ್ತದೆ. ಅವನು ಹಳಿಯ ಮೇಲೆ ಓಡುತ್ತಿದ್ದಾನೆ. ಕಳ್ಳರು ಹಳಿಗೆ ಅಡ್ಡಲಾಗಿ ದಿಮ್ಮಿಗಳನ್ನು ಎಸೆದಿದ್ದಾರೆ. ಇಂಜಿನ್ನಿನ ಮೂತಿಯ ಜಾಲರಿಯ ಮೇಲೆ ಕುಳಿತು ಒಂದು ದಿಮ್ಮಿಯನ್ನು ಎತ್ತಿಕೊಳ್ಳುತ್ತಾನೆ. ಅದರ ಭಾರಕ್ಕೆ ಅಲ್ಲಾಡಲೂ ಆಗದೆ ಕುಳಿತಿರುವಾಗ ಮುಂದೆ ಇನ್ನೊಂದು ದಿಮ್ಮಿ ಕಾಣುತ್ತದೆ. ಕೈಯಲ್ಲಿದ್ದುದನ್ನು ಅದರ ತುದಿಗೆ ಸರಿಯಾಗಿ ಬೀಳುವಂತೆ ಎಸೆಯುತ್ತಾನೆ. ಎರಡೂ ಪುಟಿದು ಹಳಿಯಿಂದಾಚೆ ಹೋಗುತ್ತವೆ. ಒಂದು ಗೇಣು ತಪ್ಪಿದ್ದರೆ ಅವನ ಗತಿ ಏನಾಗುತ್ತಿತ್ತು? ಇದಕ್ಕೆ ಬದಲಿ ಆಳಿಲ್ಲ, ಕತ್ತರಿ ಕೆಲಸವಿಲ್ಲ.

ಇನ್ನೊಂದು ಕಡೆ, ಹುಡುಗಿಯಿಂದ ಬೈಸಿಕೊಂಡು ಬಂದು ಇಂಜಿನ್ನಿನ ಗಾಲಿಗಳನ್ನು ಜೋಡಿಸುವ ಉದ್ದ ಸರಳಿನ ಮೇಲೆ ಸಪ್ಪೆ ಮುಖ ಮಾಡಿ ಕುಳಿತುಬಿಡುತ್ತಾನೆ. ಇಂಜಿನ್ನು ಮೆಲ್ಲಗೆ ಚಲಿಸುತ್ತದೆ. ಸರಳಿನ ಜೊತೆಗೆ ಅವನೂ ಮೇಲೇರುತ್ತಾನೆ, ಕೆಳಗಿಳಿಯುತ್ತಾನೆ. ದುಃಖದಲ್ಲಿ ಅವನಿಗೆ ಗೊತ್ತೇ ಆಗುವುದಿಲ್ಲ. ಈ ಚಿಕ್ಕ ದೃಶ್ಯ ಬಲು ಅಪಾಯದ್ದು. ಒಳಗಿದ್ದ ಡ್ರೈವರ ಉಗಿಯನ್ನು ತುಸು ಹೆಚ್ಚು ಬಿಟ್ಟಿದ್ದರೂ ಗಾಲಿ ಗಿರ್ರನೆ ತಿರುಗಿ ಕುಳಿತವನ ಪ್ರಾಣ ಹೋಗುತ್ತಿತ್ತು. ನಮ್ಮ ಅಂಗಳದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಫಾಯರ್‌ಮನ್ನರೊಬ್ಬರು ಈ ದೃಶ್ಯಕ್ಕೆ ನಗಲಿಲ್ಲ. “ಮಗನ, ಇಳೀಯೋ” ಎಂದು ಕೂಗಿದರು.

ಅದೇ ಹಿರಿಯರು ಆಮೇಲೆ ನಮಗೆ ಹೇಳಿದರು: ಇವನು ಆಟದವನಲ್ಲ, ಡ್ರೈವರನೇ, ಹಿಡಿಕೆಯ ಮೇಲೆ ಕೈಯಿಡುವ ರೀತಿಯಿಂದಲೇ ಗೊತ್ತಾಗುತ್ತದೆ ಎಂದು. ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೊಗಳಲಾರ.

ಕೀಟನ್ನನ ಹಟ ಎಷ್ಟರಮಟ್ಟಿನದೆಂಬುದಕ್ಕೆ ಸೇತುವೆಯ ದೃಶ್ಯವೇ ಸಾಕು. 1860ರ ಕಾಲದ ಕಟ್ಟಿಗೆ ಉರಿಸುವ ಇಂಜಿನ್ನುಗಳು, ಅವಕ್ಕೆ ತಕ್ಕ ಹಳಿಗಳು ಬೇಕೆಂದು ಅವನು ತನ್ನ ತಂಡವನ್ನೆಲ್ಲ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿಗೆ ಸಾಗಿಸಿದ. ಉರಿಯುತ್ತಿರುವ ಸೇತುವೆಯ ಮೇಲೆ ಬೆನ್ನಟ್ಟುವವರ ಇಂಜಿನ್ನು ಬಂದು ಸೇತುವೆ ಸಮೇತ ನದಿಗೆ ಬೀಳಬೇಕು. ಆಟಿಗೆಯ ಇಂಜಿನ್ನು, ಆಟಿಗೆಯ ಸೇತುವೆ ಮಾಡಿ ಸಾಗಿಸಬಹುದಾಗಿತ್ತು; ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಕೀಟನ್ ನಿಜವಾದ ಸೇತುವೆ ಕಟ್ಟಿಸಿ, ನಿಜವಾದ ಇಂಜಿನ್ನನ್ನು ಅದರ ಮೇಲೆ ಬಿಟ್ಟ. 1926ರ ಜುಲೈ 23ರಂದು ಸಾವಿರಾರು ಜನ ನೋಡುತ್ತಿದ್ದಂತೆ ಅದು ಬಿತ್ತು. ಎರಡನೆಯ ಸಲ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಆ ಒಂದು ನೋಟಕ್ಕೆ 42,000 ಡಾಲರ್ ಖರ್ಚಾಯಿತೆಂದು ಹೇಳುತ್ತಾರೆ. ಮೂಕಚಿತ್ರಗಳ ಕಾಲದಲ್ಲಿ ಒಂದೇ ನೋಟಕ್ಕೆ ಇದಕ್ಕಿಂತ ಹೆಚ್ಚು ಯಾರೂ ಸುರಿದಿಲ್ಲವಂತೆ. ಆ ಇಂಜಿನ್ನು ಎರಡನೆಯ ಮಹಾಯುದ್ಧದ ಕಾಲದವರೆಗೆ ನದಿಯಲ್ಲಿಯೇ ಬಿದ್ದಿತ್ತು. ಆಮೇಲೆ ಗುಜರಿ ಕಬ್ಬಿಣಕ್ಕೆ ಹೋಯಿತು.

ಸೈನ್ಯವನ್ನು ಒದಗಿಸಿದ ರೀತಿಯೂ ತಮಾಷೆಯದು. ಒರೆಗಾನಿನ ನ್ಯಾಶನಲ್ ಗಾರ್ಡ್ ಪಡೆಯವರನ್ನು ಕರೆತಂದು, ನೀಲಿ ಬಟ್ಟೆ ತೊಡಿಸಿ ಒಂದು ದಿಕ್ಕಿಗೆ ಓಡಿಸಿದರು. ಅದೇ ಜನಕ್ಕೆ ಬೂದು ಬಟ್ಟೆ ತೊಡಿಸಿ ಎದುರು ದಿಕ್ಕಿನಿಂದ ಓಡಿಸಿದರು. ತಮ್ಮನ್ನು ತಾವೇ ಬೆನ್ನಟ್ಟಿ, ತಮ್ಮನ್ನು ತಾವೇ ಸೋಲಿಸಿದರು. ಯುದ್ಧಗಳ ವಿಷಯವಾಗಿ ನಾವು ಸಭೆಗಳಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಇವರು ದರ್ಜಿಯವನ ನೆರವಿನಿಂದ ತೋರಿಸಿಬಿಟ್ಟರು.

ಇರಲಿ, ಈಗ ಸಂಗಾತಿಯ ಪ್ರಶ್ನೆಗೆ ಬರೋಣ.

ಚಿತ್ರದ ಮೂಲದಲ್ಲಿ ನಿಜವಾದ ಘಟನೆಯೊಂದಿದೆ. 1862ರ ಏಪ್ರಿಲ್ 12ರಂದು ಜೇಮ್ಸ್ ಆಂಡ್ರೂಸ್ ಎಂಬವನ ಮುಂದಾಳುತನದಲ್ಲಿ ಉತ್ತರದ ಪಕ್ಷದ ಇಪ್ಪತ್ತು ಜನ ಜಾರ್ಜಿಯಾದ ಬಿಗ್ ಶಾಂಟಿ ಎಂಬ ನಿಲ್ದಾಣದಲ್ಲಿ ‘ಜನರಲ್’ ಇಂಜಿನ್ನನ್ನು ಕದ್ದು ಉತ್ತರಕ್ಕೆ ಓಡಿಸಿದರು. ದಾರಿಯುದ್ದಕ್ಕೂ ಹಳಿ, ಸೇತುವೆ, ತಂತಿಗಳನ್ನು ಕೆಡಿಸಿ ದಕ್ಷಿಣದ ಸೈನ್ಯಕ್ಕೆ ಸಾಮಾನು ಹೋಗದಂತೆ ಮಾಡುವುದು ಅವರ ಉದ್ದೇಶ. ರೈಲಿನ ಕಂಡಕ್ಟರ ವಿಲಿಯಂ ಫುಲ್ಲರ್ ಬೆನ್ನಟ್ಟಿದ. ಇಂಜಿನ್ನಿನಲ್ಲಿ ಉರುವಲು ತೀರಿತು. ಅವರು ಇಳಿದು ಕಾಡಿಗೆ ಓಡಿದರು, ಸಿಕ್ಕಿಬಿದ್ದರು. ಆಂಡ್ರೂಸನೂ ಸೇರಿ ಎಂಟು ಜನರನ್ನು ದಕ್ಷಿಣದವರು ಗಲ್ಲಿಗೇರಿಸಿದರು. ಬದುಕುಳಿದವರಲ್ಲಿ ವಿಲಿಯಂ ಪಿಟೆಂಜರ್ ಎಂಬವನು ಆ ಸಾಹಸವನ್ನು ಪುಸ್ತಕವಾಗಿ ಬರೆದ. ಕೀಟನ್ನನ ಕೈಗೆ ಬಂದದ್ದು ಆ ಪುಸ್ತಕ. ಅಂದರೆ ಗುಲಾಮರ ಒಡೆಯರ ವಿರುದ್ಧ ಪ್ರಾಣ ಒತ್ತೆಯಿಟ್ಟವರ ಕಥೆಯನ್ನು ಓದಿ, ಅವರನ್ನು ಕಳ್ಳರನ್ನಾಗಿ ಮಾಡಿ, ಬೆನ್ನಟ್ಟಿದವನನ್ನು ನಾಯಕನನ್ನಾಗಿ ಮಾಡಿದ! ನಮ್ಮ ತರುಣ ಸಂಗಾತಿಗೆ ಈ ಸಂಗತಿ ತಿಳಿದಿರಲಿಲ್ಲ. ತಿಳಿದಿದ್ದರೆ ಇನ್ನೂ ಬಿರುಸಾಗಿ ಕೇಳುತ್ತಿದ್ದ.

ಹೀಗೇಕೆ ಮಾಡಿದೆ ಎಂಬುದಕ್ಕೆ ಮುಂದೆ ಕೀಟನ್ ಕಾರಣ ಕೊಟ್ಟಿದ್ದಾನೆ. ಉತ್ತರದವರನ್ನು ಖಳರನ್ನಾಗಿ ತೋರಿಸಿದರೆ ಪ್ರೇಕ್ಷಕರು ಸಹಿಸುತ್ತಾರೆ, ಸೋತ ದಕ್ಷಿಣದವರನ್ನು ಖಳರನ್ನಾಗಿ ತೋರಿಸಿದರೆ ಸಹಿಸುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಇದು ಗಲ್ಲಾಪೆಟ್ಟಿಗೆಯ ಲೆಕ್ಕ. ಆಗಿನ ಅಮೇರಿಕದ ಗಾಳಿಯೂ ಹಾಗೆಯೇ ಇತ್ತು. ಗ್ರಿಫಿತ್ ಎಂಬ ದಿಗ್ದರ್ಶಕ 1915ರಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿ ಕೊಲೆಗಡುಕರನ್ನು ವೀರರೆಂದು ತೋರಿಸಿ ರಾಶಿ ಹಣ ಗಳಿಸಿದ್ದ. ಕೀಟನ್ನನಲ್ಲಿ ಅಂಥ ವಿಷವಿಲ್ಲ. ಅವನು ದಕ್ಷಿಣದ ಸೈನ್ಯವನ್ನೂ ಗೇಲಿ ಮಾಡದೆ ಬಿಟ್ಟಿಲ್ಲ. ಜಾನಿ ಯುದ್ಧದಲ್ಲಿ ಕತ್ತಿ ಎತ್ತಿದಾಗಲೆಲ್ಲ ಅಲಗು ಕಳಚಿಹೋಗಿ ಕೈಯಲ್ಲಿ ಬರಿಯ ಹಿಡಿಕೆ ಉಳಿಯುತ್ತದೆ. ಬಿದ್ದ ಬಾವುಟವನ್ನು ಎತ್ತಿಹಿಡಿದು ಬಂಡೆಯ ಮೇಲೆ ವೀರನಂತೆ ನಿಂತರೆ, ಆ ಬಂಡೆ ಮುದುಡಿ ಕುಳಿತ ಅಧಿಕಾರಿಯ ಬೆನ್ನಾಗಿರುತ್ತದೆ. ಎಲ್ಲಕ್ಕಿಂತ ನಮಗೆ ಹಿಡಿಸಿದ್ದು ಈ ನೋಟ: ಜಾನಿ ಓಡುವ ಇಂಜಿನ್ನಿನ ಮೇಲೆ ಬೆನ್ನು ತಿರುಗಿಸಿ ಕಟ್ಟಿಗೆ ಕಡಿಯುತ್ತಿದ್ದಾನೆ. ಅವನ ಹಿಂದೆ ದಕ್ಷಿಣದ ಸೈನ್ಯವೆಲ್ಲ ಸೋತು ಓಡಿಹೋಗುತ್ತದೆ. ಆಮೇಲೆ ಉತ್ತರದ ಸೈನ್ಯವೆಲ್ಲ ಮುನ್ನುಗ್ಗಿ ಬರುತ್ತದೆ. ಅವನು ತಲೆಯೆತ್ತಿ ನೋಡುವುದೇ ಇಲ್ಲ. ಚರಿತ್ರೆ ಅವನ ಬೆನ್ನ ಹಿಂದೆ ಹಾದುಹೋಗುತ್ತಿದೆ. ಅವನಿಗೆ ಕಟ್ಟಿಗೆಯದೇ ಚಿಂತೆ.

ನಮ್ಮ ತಕರಾರು ಇರುವುದು ಆ ಕಟ್ಟಿಗೆಯ ಬಳಿಯಲ್ಲಿಯೇ.

1860ರ ಖಾನೇಸುಮಾರಿಯಂತೆ ಜಾರ್ಜಿಯಾದಲ್ಲಿ 4,62,198 ಗುಲಾಮರಿದ್ದರು. ಆ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ದಕ್ಷಿಣದ ರೈಲು ದಾರಿಗಳಿಗೆ ಮಣ್ಣು ಹೊತ್ತವರು, ಹಳಿ ಹಾಸಿದವರು ಬಹುಮಟ್ಟಿಗೆ ಅವರೇ. ಕಾಡಿನಲ್ಲಿ ಉರುವಲು ಕಡಿದು, ನಿಲ್ದಾಣಗಳಲ್ಲಿ ಒಟ್ಟಿ, ಇಂಜಿನ್ನಿಗೆ ತುಂಬುವುದೂ ಅವರ ಕೆಲಸ. ಎಷ್ಟೋ ಕಡೆ ಬೆಂಕಿಗೂಡಿನ ಮುಂದೆ ನಿಂತು ಉರಿ ಹಾಕುತ್ತಿದ್ದವರೂ ಅವರೇ. ರೈಲು ಕಂಪನಿಗಳು ಅವರನ್ನು ಒಡೆಯರಿಂದ ಬಾಡಿಗೆಗೆ ಹಿಡಿಯುತ್ತಿದ್ದವು, ಕೆಲವು ಕಂಪನಿಗಳು ಕೊಂಡುಕೊಳ್ಳುತ್ತಲೂ ಇದ್ದವು. ಬಾಡಿಗೆಯ ದುಡ್ಡು ಒಡೆಯನ ಜೇಬಿಗೆ.

ಕೀಟನ್ನನ ಚಿತ್ರದಲ್ಲಿ ಗುಲಾಮಗಿರಿಯ ಮಾತೇ ಬರುವುದಿಲ್ಲ. ಕಥೆಯಲ್ಲಿ ಒಬ್ಬ ಗುಲಾಮನಿಗೂ ಪಾತ್ರವಿಲ್ಲ. ಹಳೆಯ ಇಂಜಿನ್ನು ಬೇಕೆಂದು ರಾಜ್ಯ ದಾಟಿ ಹೋದವನು, ಹಳಿ ಆ ಕಾಲದಂತೆಯೇ ಇರಬೇಕೆಂದವನು, ಉಗಿ ಎಷ್ಟು ಬಿಡಬೇಕೆಂದು ಲೆಕ್ಕ ಹಾಕಿದವನು, ಆ ಇಂಜಿನ್ನಿಗೆ ಕಟ್ಟಿಗೆ ಕಡಿದ ಕೈಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರ ಕೆಲಸವನ್ನೆಲ್ಲ ಒಬ್ಬ ಬಿಳಿಯ ಡ್ರೈವರನ ಕೈಗೆ ಕೊಟ್ಟ. ನಾವು ಅದಕ್ಕೆ ನಕ್ಕೆವು. ಚಿತ್ರ ಸುಳ್ಳೆಂದು ನಾವು ಹೇಳುತ್ತಿಲ್ಲ. ಕಬ್ಬಿಣದ ಮಟ್ಟಿಗೆ ಅದು ಹರಿಶ್ಚಂದ್ರ; ಮನುಷ್ಯರ ಲೆಕ್ಕಕ್ಕೆ ಬಂದಾಗ ಅದರ ವಹಿಯಲ್ಲಿ ಒಂದು ಪುಟವನ್ನೇ ಹರಿದಿದ್ದಾರೆ. ಅಂಗಡಿಕಾರ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿಯದೋ ಅಮೇರಿಕ, ನೂರಾರು ವರ್ಷದ ಹಿಂದಿನ ಮಾತು, ನಮಗೇಕೆ ಎನ್ನುವವರಿಗೆ ಒಂದು ಸಂಗತಿ. ಆ ಗುಲಾಮರು ಬೆಳೆಯುತ್ತಿದ್ದುದು ಮುಖ್ಯವಾಗಿ ಹತ್ತಿಯನ್ನು. ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಇಂಗ್ಲಂಡದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಲಕ್ಷಾಂತರ ಕಾಮಗಾರರು ಬೀದಿಗೆ ಬಿದ್ದರು. ದಕ್ಷಿಣದವರ ಪಕ್ಷ ವಹಿಸಿ ಬಂದರು ತೆರೆಸಿರೆಂದು ಅವರು ಕೂಗಬಹುದಾಗಿತ್ತು. ಹಾಗೆ ಕೂಗಿಸುವ ಪ್ರಯತ್ನಗಳೂ ನಡೆದವು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕಾಮಗಾರರು ಸಭೆ ಸೇರಿ, ಗುಲಾಮಗಿರಿಯನ್ನು ಕೊನೆಗಾಣಿಸಿರಿ, ನಾವು ನಿಮ್ಮ ಕಡೆಗಿದ್ದೇವೆ ಎಂದು ಅಬ್ರಹಾಂ ಲಿಂಕನ್ನರಿಗೆ ಬರೆದರು. ಹಸಿದ ಹೊಟ್ಟೆಯಿಂದ ಬರೆದರು. ಮರುತಿಂಗಳು 19ರಂದು ಲಿಂಕನ್ನರು ಅವರಿಗೆ ಉತ್ತರ ಬರೆದರು. ಇತ್ತ ನಮ್ಮ ಧಾರವಾಡದ ಕಡೆಯಲ್ಲಿಯೂ ಆ ಯುದ್ಧದ ಬಿಸಿ ತಟ್ಟಿತ್ತು. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಅಮೇರಿಕದ ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿಗೆ ಬಂದು ‘ಧಾರವಾಡ-ಅಮೇರಿಕನ್’ ಹತ್ತಿಯೆಂದು ಹೆಸರಾಗಿತ್ತು. ಯುದ್ಧದ ವರ್ಷಗಳಲ್ಲಿ ಅದರ ಧಾರಣೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯುತ್ತಲೂ ನೆಲಕ್ಕಿಳಿಯಿತು. ಹತ್ತಿಯ ಎಳೆ ಹಿಡಿದು ಹೊರಟರೆ ಜಾರ್ಜಿಯಾದ ಗುಲಾಮನೂ ಮ್ಯಾಂಚೆಸ್ಟರಿನ ನೂಲುವವನೂ ಧಾರವಾಡದ ಒಕ್ಕಲಿಗನೂ ಒಂದೇ ದಾರದಲ್ಲಿ ಸಿಗುತ್ತಾರೆ. ನಮ್ಮ ಸಂಗಾತಿ ನೂಲುವ ಖಾತೆಯವನು. ಆ ಪ್ರಶ್ನೆ ಅವನಿಗೆ ಹೊಳೆದದ್ದು ಆಶ್ಚರ್ಯವಲ್ಲ.

ಹಾಗಾದರೆ ಚಿತ್ರ ತೋರಿಸಿದ್ದು ತಪ್ಪೇ? ನಮ್ಮ ಅಭಿಪ್ರಾಯದಲ್ಲಿ ತೋರಿಸಿದ್ದು ತಪ್ಪಲ್ಲ; ಏನೂ ಹೇಳದೆ ತೋರಿಸಿದ್ದು ತಪ್ಪು. ಆ ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇವೆ. ಆದರೆ ಚಿತ್ರವನ್ನೇ ಬಿಟ್ಟುಬಿಡಿರೆಂದರೆ ನಾವು ಒಪ್ಪಲಾರೆವು. ದುಡಿಯುವವನ ಕೈಚಳಕವನ್ನು ಇಷ್ಟು ಗೌರವದಿಂದ ತೋರಿಸಿದ ಸಿನೆಮಾಗಳು ನಮ್ಮವರಲ್ಲಿಯೂ ಎಷ್ಟಿವೆ? ನಮ್ಮ ಪರದೆಯ ಮೇಲೆ ಕಾಮಗಾರನೆಂದರೆ ಭಾಷಣ ಮಾಡುತ್ತಾನೆ, ಹಾಡುತ್ತಾನೆ, ಮಾಲಿಕನ ಮಗಳನ್ನು ಮದುವೆಯಾಗುತ್ತಾನೆ. ಯಂತ್ರದ ಮುಂದೆ ಎರಡು ನಿಮಿಷ ನಿಂತು ಕೆಲಸ ಮಾಡಿದ್ದನ್ನು ನಾವು ಕಂಡದ್ದು ಅಪರೂಪ.

ಕೀಟನ್ನನ ಮುಂದಿನ ಗತಿಯನ್ನೂ ಕಾಮಗಾರ ಬಂಧುಗಳು ತಿಳಿಯಬೇಕು. ಚಿತ್ರಕ್ಕೆ ಸುಮಾರು ಏಳೂವರೆ ಲಕ್ಷ ಡಾಲರ್ ತಗುಲಿತು. 1927ರ ಆರಂಭದಲ್ಲಿ ಅಮೇರಿಕದ ಥಿಯೇಟರುಗಳಿಗೆ ಬಂದಾಗ ಪತ್ರಿಕೆಗಳವರು ಅನೇಕರು ಮೂಗು ಮುರಿದರು. ಆ ದೇಶದೊಳಗೆ ಹಾಕಿದ ದುಡ್ಡೂ ಹುಟ್ಟಲಿಲ್ಲ. ಅಲ್ಲಿಯವರೆಗೆ ಅವನಿಗೆ ತನ್ನದೇ ಆದ ಸ್ಟುಡಿಯೋ, ತನ್ನದೇ ಆದ ತಂಡವಿತ್ತು. ಒಂದು ಯುಕ್ತಿ ಹೊಳೆಯದಿದ್ದರೆ ಕೆಲಸ ನಿಲ್ಲಿಸಿ ತಂಡದವರೊಡನೆ ಬೇಸ್‌ಬಾಲ್ ಆಡುತ್ತಿದ್ದ, ಹೊಳೆದ ಮೇಲೆ ಮತ್ತೆ ಕೆಲಸ. 1928ರಲ್ಲಿ ಅವನ ನಿರ್ಮಾಪಕ ಜೋಸೆಫ್ ಶೆಂಕ್ ಅವನನ್ನು ಎಂ.ಜಿ.ಎಂ. ಎಂಬ ದೊಡ್ಡ ಕಂಪನಿಗೆ ಸೇರಿಸಿದ. ಅಲ್ಲಿ ಕಥೆ ಬರೆಯುವವರೇ ಬೇರೆ, ಲೆಕ್ಕ ನೋಡುವವರೇ ಬೇರೆ, ಮೇಲಿಂದ ಹುಕುಂ ಕೊಡುವವರೇ ಬೇರೆ. ಅಪಾಯದ ಕೆಲಸವನ್ನು ತಾನೇ ಮಾಡುತ್ತಿದ್ದವನಿಗೆ, ನಮ್ಮ ಆಸ್ತಿ ಕೆಟ್ಟೀತೆಂದು ಬದಲಿ ಆಳನ್ನು ಕೊಟ್ಟರು. ಸಂಬಳ ಕೈತುಂಬ, ಕೆಲಸದ ಮೇಲಿನ ಹಕ್ಕು ಮಾತ್ರ ಹೋಯಿತು. ಕುಡಿತ ಹೆಚ್ಚಿತು, 1933ರಲ್ಲಿ ಕಂಪನಿ ಹೊರಗೆ ಹಾಕಿತು. ಅಲ್ಲಿಗೆ ಸೇರಿದ್ದೇ ತನ್ನ ಬಾಳಿನ ದೊಡ್ಡ ತಪ್ಪೆಂದು ಅವನು ಮುಂದೆ ಹೇಳಿಕೊಂಡ. ಸ್ವಂತ ಮಗ್ಗ ಮಾರಿ ಗಿರಣಿ ಸೇರಿದ ನೇಕಾರರು ನಮ್ಮ ವಾಚಕರಲ್ಲಿ ಇದ್ದಾರೆ. ಅವರಿಗೆ ಈ ಕಥೆ ಹೊಸದಲ್ಲ.

ಅದೃಷ್ಟಕ್ಕೆ ಅವನು ತನ್ನ ಚಿತ್ರಕ್ಕೆ ಮರಳಿ ಮರ್ಯಾದೆ ಬಂದದ್ದನ್ನು ನೋಡಿಯೇ 1966ರಲ್ಲಿ ತೀರಿಕೊಂಡ. ಅಮೇರಿಕದ ಸರಕಾರ 1989ರಲ್ಲಿ ಕಾಪಾಡಿಡಬೇಕಾದ ಚಿತ್ರಗಳ ಮೊದಲ ಪಟ್ಟಿ ಮಾಡಿದಾಗ ಇಪ್ಪತ್ತೈದರಲ್ಲಿ ‘ದಿ ಜನರಲ್’ ಒಂದಾಗಿತ್ತು.

ಎರಡನೆಯ ಪಾಳಿಯವರ ಒತ್ತಾಯದಂತೆ ಬರುವ ರವಿವಾರ ರಾತ್ರಿ ಹತ್ತೂವರೆಗೆ ಅದೇ ಅಂಗಳದಲ್ಲಿ ಚಿತ್ರವನ್ನು ಮತ್ತೆ ತೋರಿಸುತ್ತೇವೆ. ಆರಂಭಕ್ಕೆ ಮೊದಲು ನೂಲುವ ಖಾತೆಯ ಆ ತರುಣ ಸಂಗಾತಿ ಹತ್ತು ನಿಮಿಷ ಮಾತನಾಡಲು ಒಪ್ಪಿಕೊಂಡಿದ್ದಾನೆ. ಆಮೇಲೆ ನಿವೃತ್ತ ಫಾಯರ್‌ಮನ್ನರು ಇಂಜಿನ್ನಿನ ವಿಷಯ ಹೇಳುತ್ತಾರೆ. ಅವರಿಗೆ ಹತ್ತು ನಿಮಿಷ ಸಾಲದೆಂದು ಈಗಲೇ ತಕರಾರು ಬಂದಿದೆ. ಕಳೆದ ಸಲದ ಧೋತರ ಮೋಟಾಗಿ ಇಂಜಿನ್ನಿನ ಹೊಗೆಕೊಳವೆ ಗೋಡೆಯ ಮೇಲೆ ಬೀಳುತ್ತಿತ್ತು. ಅಗಲವಾದ ಬಿಳಿ ಬಟ್ಟೆ ಇದ್ದವರು ಶನಿವಾರದೊಳಗೆ ಕಚೇರಿಗೆ ಮುಟ್ಟಿಸಬೇಕು.